ಮಣ್ಣು ಮೆತ್ತಿದ ಮೂರು ಕಿಂಡಿಗಳು

ಕಳೆದ ವಾರ ನಮ್ಮ ಮಲಗುವ ಕೋಣೆಯಲ್ಲಿ ಎ.ಸಿ. ಕೂರಿಸಲು ಬಂದಿದ್ದ ಮೆಕ್ಯಾನಿಕ್ ಏಣಿಯ ಮೇಲಿನಿಂದಲೇ ಕೂಗು ಹಾಕಿದ. “ಅಕ್ಕಾರ, ಜಲ್ದಿ ಬರ್ರಿ ಇಲ್ಲಿ! ಏನ್ ಗ್ವಾಡಿ ಕಟ್ಸೀರಿ ಇದು?” ಒಲೆಯ ಮೇಲಿದ್ದ ಹಾಲನ್ನು ಹಾಗೇ ಬಿಟ್ಟು ಓಡಿದೆ. ಪೈಪಿಗೆಂದು ಕೊರೆದ ತೂತಿನಿಂದ ನೆಲದ ಮೇಲೆ ಕೆಮ್ಮಣ್ಣು ಸುರಿದಿತ್ತು. ಅದರ ನಡುವೆ ಇಟ್ಟಿಗೆ ಚೂರು, ಬೆಳ್ಳಗಿನ ಸುಣ್ಣದ ಉಂಡೆಗಳು. ಡ್ರಿಲ್ಲು ಒಳಗೆ ಹೋದದ್ದೇ ಅವನಿಗೆ ಗೊತ್ತಾಗಲಿಲ್ಲವಂತೆ. “ಗೌಂಡಿ ನಿಮಗ ಚಲೋ ಟೋಪಿ ಹಾಕ್ಯಾನ್ರೀ. ಸಿಮೆಂಟ್ ಹಾಕೋ ಕಡಿ ಮಣ್ಣು ತುಂಬ್ಯಾನ,” ಎಂದ.

ಧೂಳು ಏಳದಿರಲೆಂದು ಒಂದು ಚೊಂಬು ನೀರು ಚಿಮುಕಿಸಿದೆ. ಹಸಿ ಮಣ್ಣು, ಹಳೆಯ ಸುಣ್ಣ ಎರಡೂ ಸೇರಿದ ವಾಸನೆ ಮೇಲೆದ್ದಿತು… ಮಂಚದ ತುದಿಯಲ್ಲಿ ಕುಳಿತುಬಿಟ್ಟೆ. ಟೋಪಿ ಹಾಕಿದವರು ಯಾರೆಂದು ನನಗೆ ಗೊತ್ತಿತ್ತು. ನಮ್ಮ ಗೌಂಡಿ ತಾತ. ಇಪ್ಪತ್ತು ವರ್ಷದಿಂದ ಆ ಗೋಡೆಯ ಪಕ್ಕದಲ್ಲೇ ಮಲಗಿ ಏಳುತ್ತಿದ್ದೇನೆ, ಅಲ್ಲೊಂದು ಮುಚ್ಚಿದ ಕಿಂಡಿ ಇದೆ ಎಂಬುದನ್ನೇ ಮರೆತಿದ್ದೆ. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಹೋಗಿತ್ತು.

ಹೊಸಪೇಟೆಯ ನಮ್ಮ ಈ ಮನೆಯನ್ನು ಕಟ್ಟಿದವರು ಅವರು. ಊರು ಎಮ್ಮಿಗನೂರು. ನಮ್ಮ ಕೆಲಸಕ್ಕೆ ಬರುವ ಹೊತ್ತಿಗೆ ಅರವತ್ತು ದಾಟಿತ್ತು, ಎರಡು ಬೀದಿಯಾಚೆ ಬಾಡಿಗೆ ಮನೆಯಲ್ಲಿದ್ದರು. ಒಣಕಲು ದೇಹ, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ರೆಪ್ಪೆಯ ಕೂದಲಿಗೂ ಹತ್ತಿದ ಸುಣ್ಣದ ಪುಡಿ. ಹರೆಯದಲ್ಲಿ ಹಂಪಿಯ ಹಳೆಯ ಗೋಡೆಗಳ ರಿಪೇರಿಗೆ ಗಾರೆ ಅರೆಯಲು ಹೋಗುತ್ತಿದ್ದರಂತೆ. ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ, ಮರಳು ಸೇರಿಸಿ, ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಅರೆಯುವ ಕತೆಯನ್ನು ಅವರ ಬಾಯಲ್ಲಿ ಕೇಳುತ್ತಿದ್ದರೆ ಯಾವುದೋ ಮದುವೆ ಮನೆಯ ಅಡುಗೆ ವಿಷಯ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಆಮೇಲೆ ಕಾಲ ಬದಲಾಗಿ ಸಿಮೆಂಟಿಗೆ ಇಳಿದಿದ್ದರು. ಆದರೆ ಮನಸ್ಸು ಸುಣ್ಣದ ಕಡೆಯೇ.

ಅವರ ಜೇಬಿನಲ್ಲಿ ಬೀಡಿ ಕಟ್ಟು ಇರುತ್ತಿರಲಿಲ್ಲ, ಊದಿನಕಡ್ಡಿಯ ಪೊಟ್ಟಣ ಇರುತ್ತಿತ್ತು. ಮೊದಮೊದಲು ಭಾರಿ ದೈವಭಕ್ತರು ಅಂದುಕೊಂಡಿದ್ದೆ. ಗೋಡೆ ಎದ್ದು, ಮೇಲೆ ಮೋಲ್ಡ್ ಹಾಕಿದ ನಂತರ ಒಂದು ದಿನ ನೋಡಿದರೆ, ಕಡ್ಡಿ ಹಚ್ಚಿಕೊಂಡು ಕೋಣೆ ಕೋಣೆಯಲ್ಲೂ ನಡುವೆ ನಿಂತು ಹೊಗೆಯನ್ನೇ ನೋಡುತ್ತಿದ್ದರು. “ಇದೇನ್ರಿ ತಾತ, ಗೃಹಪ್ರವೇಶ ನೀವೇ ಮಾಡಾಕತ್ತೀರಲ್ಲ?” ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. “ಹೊಗಿ ನಿಂತ್ಕೊಂತು ಅಂದ್ರ ಆ ಕ್ವಾಣಿ ಕೆಟ್ಟಂಗ ತಾಯಿ. ಹೊಗಿ ನಡೀಬೇಕು. ಗಾಳಿಗೆ ಬರಾಕ ಕಿಡಕಿ ಇಟ್ಟೀರಿ, ಹೋಗಾಕ?” ಎಂದರು. ಹೋಗಲಿಕ್ಕೆಂದು ಅವರೇ ಮೂರು ಕಡೆ ಕಿಂಡಿ ಬಿಟ್ಟಿದ್ದರು: ಮಗಳ ಕೋಣೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು, ನಮ್ಮ ಕೋಣೆಯಲ್ಲಿ ಒಂದು. ಮೂರೂ ರಸ್ತೆಗೆ ಬೆನ್ನು ಮಾಡಿದ ಹಿತ್ತಲಿನ ಗೋಡೆಯಲ್ಲಿ, ಛಾವಣಿಗೆ ಒಂದು ಗೇಣು ಕೆಳಗೆ.

ನಮ್ಮ ಜಗಳ ಶುರುವಾದದ್ದೇ ಆ ಕಿಂಡಿಗಳಿಂದ.

ಆಗಿನ ಹೊಸಪೇಟೆಯನ್ನು ನೋಡದವರಿಗೆ ನನ್ನ ಸಂಕಟ ತಿಳಿಯಲಿಕ್ಕಿಲ್ಲ. ಸಂಡೂರಿನ ಕಡೆಯಿಂದ ಅದಿರು ತುಂಬಿಕೊಂಡ ಲಾರಿಗಳು ಒಂದರ ಬಾಲ ಒಂದು ಹಿಡಿದು ಬರುತ್ತಿದ್ದ ಕಾಲ. ನಮ್ಮ ಮನೆ ಆ ರಸ್ತೆಗೆ ಹತ್ತಿರ. ಬೆಳಿಗ್ಗೆ ಒಣಗಿಸಿದ ಬಿಳಿ ಬಟ್ಟೆ ಸಂಜೆ ಕಾವಿಯಾಗುತ್ತಿತ್ತು. ಮೊಸರಿನ ಮೇಲೆ ಕೆಂಪು ಪದರ, ಮಲ್ಲಿಗೆ ಬಳ್ಳಿಯ ಎಲೆ ಕೆಂಪು, ಮೂಗು ಸೀಟಿದರೂ ಕೆಂಪು. ಕಂಪೌಂಡಿಗೆ ಬೇರೆ ಬಣ್ಣ ಹೊಡೆಸುವುದು ದಂಡ ಎಂದು ನಮ್ಮ ಸಾಲಿನವರೆಲ್ಲ ಇಟ್ಟಿಗೆ ಬಣ್ಣವನ್ನೇ ಹೊಡೆಸಿದ್ದರು. ಹಾಗೆಂದು ಲಾರಿಗಳನ್ನು ಬೈಯುವ ಹಾಗೂ ಇರಲಿಲ್ಲ. ನಮ್ಮ ಮನೆಯವರದು ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಲಾರಿ ಟೈರಿನ ಅಂಗಡಿ. ಲಾರಿ ಓಡಿದರೆ ನಮ್ಮ ಮನೆಯ ಒಲೆ ಉರಿಯುತ್ತಿತ್ತು.

ಆದ್ದರಿಂದ ನಾನು ಒಂದೇ ಹಟ ಹಿಡಿದಿದ್ದೆ: ಹೊಸ ಮನೆಯೊಳಗೆ ಒಂದು ಚಿಟಿಕೆ ಧೂಳು ಬರಕೂಡದು. ಕಿಟಕಿಗಳಿಗೆ ಗಟ್ಟಿಯಾಗಿ ಮುಚ್ಚುವ ಗಾಜು, ಸಂದಿಗೆಲ್ಲ ರಬ್ಬರ್ ಪಟ್ಟಿ. ಗೋಡೆಗೆ ಆಯಿಲ್ ಪೇಂಟ್, ಏಕೆಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೆಂಪು ಹೋಗುತ್ತದೆ. ಕೋಣೆಗೊಂದು ಪ್ಲೈವುಡ್ ಬೀರು. ಇಷ್ಟೆಲ್ಲ ಮಾಡಿ ಛಾವಣಿಯ ಕೆಳಗೆ ಮೂರು ತೂತು ಬಿಟ್ಟುಕೊಂಡು ಕೂರುವುದೆಂದರೆ? “ಈ ಕಿಂಡಿ ಮುಚ್ಚಿಬಿಡ್ರಿ ತಾತ, ಸಿಮೆಂಟ್ ಹಾಕಿ,” ಎಂದೆ. ಹಂಪಿಯ ಗೋಡೆಗಳಲ್ಲೂ ಗಾಳಿಗೆಂದು ಇಂಥ ಕಿಂಡಿ ಬಿಟ್ಟಿದ್ದಾರೆ ಎಂದು ಅವರು ವಿಷಯ ತೆಗೆದರು. “ಆ ರಾಜರ ಮನಿ ಮುಂದ ಅದಿರಿನ ಲಾರಿ ಓಡ್ತಿದ್ದಿಲ್ರೀ,” ಎಂದು ಬಾಯಿ ಮುಚ್ಚಿಸಿದೆ. ನನ್ನ ಬಾಯಿಗೆ ಆಗ ಬೀಗವೇ ಇರಲಿಲ್ಲ. ಈಗಲೂ ಅಷ್ಟಕ್ಕಷ್ಟೇ.

ಅವರು ಮೂರು ದಿನ ಮುಚ್ಚಲಿಲ್ಲ. ನಾಳೆ, ನಾಡಿದ್ದು ಎಂದು ಸಾಗಹಾಕಿದರು. ನಾಲ್ಕನೆಯ ದಿನ ಮನೆ ನೋಡಲು ನನ್ನ ನಾದಿನಿಯರು ಬಂದಿದ್ದರು. ಅವರ ಮುಂದೆಯೇ ತಾತ ಮತ್ತೆ ಶುರುಮಾಡಿದರು. “ತಾಯಿ, ಧೂಳು ಹೊರಗಿಂದ ಬರ್ತೈತಿ ಅಂತ ಹೆದರ್ತೀರಿ. ಒಳಗ ಹುಟ್ಟಿದ್ದು ಎಲ್ಲಿಗೆ ಹೋಗ್ಬೇಕು? ಒಲಿ ಹೊಗಿ, ಬಣ್ಣದ ವಾಸ್ನಿ, ಸೊಳ್ಳಿ ಕಾಯಿಲ್ ಹೊಗಿ… ಹುಡುಗಿ ಬ್ಯಾರೆ ಸಣ್ಣಾಕಿ.” ನಾದಿನಿಯರ ಮುಂದೆ ಒಬ್ಬ ಗೌಂಡಿ ನನಗೆ ಬುದ್ಧಿ ಹೇಳುವುದೇ? ತಲೆ ಕೆಟ್ಟುಹೋಯಿತು.

“ಧೂಳು ತಿಂದೇ ಬೆಳದವರು ನೀವು, ನಿಮಗೇನ್ರಿ ಧೂಳಿನ ಹೆದ್ರಿಕಿ? ನನ್ನ ಮಗಳು ನಿಮ್ಮಂಗ ಬೆಳ್ಯಾದು ಬ್ಯಾಡ. ಸುಮ್ನ ಮುಚ್ರಿ!”

ತಾತ ಕೈಯಲ್ಲಿದ್ದ ಕರಣೆಯನ್ನು ಪಂಚೆಯ ಅಂಚಿಗೆ ನಿಧಾನವಾಗಿ ಒರೆಸಿಕೊಂಡರು. “ಆಗ್ಲಿ ತಾಯಿ, ಮುಚ್ತೀನಿ,” ಎಂದರು. ನಾನು ನಾದಿನಿಯರಿಗೆ ಹೊಸ ಅಡುಗೆಕಟ್ಟೆ ತೋರಿಸಲು ಹೋದೆ. ಸಂಜೆ ಬಂದು ನೋಡಿದರೆ ಮೂರೂ ಕಿಂಡಿ ಮಾಯ, ಗೋಡೆ ಸಪಾಟು. ಗೃಹಪ್ರವೇಶಕ್ಕೆ ಕರೆದಿದ್ದೆವು, ಬಂದು ಮೂಲೆಯಲ್ಲಿ ಕುಳಿತು ಊಟ ಮಾಡಿ ಹೋದರು. ಅವತ್ತು ಅವರ ಜೇಬಿನಿಂದ ಊದಿನಕಡ್ಡಿ ಹೊರಗೆ ಬರಲಿಲ್ಲ.

ಮಗಳಿಗೆ ಆಗ ಐದು ವರ್ಷ. ಹೊಸ ಮನೆಗೆ ಬಂದ ಎರಡನೇ ತಿಂಗಳಿಗೆ ಕೆಮ್ಮು ಹಿಡಿಯಿತು. ಆಮೇಲೆ ಎದೆಯಲ್ಲಿ ಸುಂಯ್ ಸುಂಯ್ ಸದ್ದು. ಡಾಕ್ಟರು ದಮ್ಮಿನ ಲಕ್ಷಣ ಎಂದರು, ಧೂಳಿನಿಂದ ದೂರ ಇಡಿ ಎಂದರು. ದೂರ ಇಡುವುದೆಂದರೆ ನನಗೆ ಗೊತ್ತಿದ್ದದ್ದು ಒಂದೇ, ಮುಚ್ಚುವುದು. ದಿನಕ್ಕೊಮ್ಮೆ ತೆರೆಯುತ್ತಿದ್ದ ಹಿತ್ತಲಿನ ಕಿಟಕಿಯನ್ನೂ ಮುಚ್ಚಿದೆ. ಬಾಗಿಲ ಕೆಳಗಿನ ಸಂದಿಗೆ ಹಳೆ ಸೀರೆ ಸುತ್ತಿಟ್ಟೆ. ಅವಳ ಕೋಣೆಯ ಗೋಡೆ, ಬೀರು ಎರಡನ್ನೂ ದಿನಾ ಫಿನಾಯಿಲ್ ಹಾಕಿ ಒರೆಸಿದೆ. ಸೊಳ್ಳೆ ಕಚ್ಚದಿರಲೆಂದು ಕಾಯಿಲ್ ಹಚ್ಚಿಟ್ಟೆ. ಮಗು ಇನ್ನಷ್ಟು ಕೆಮ್ಮಿತು. ನಾನು ಇನ್ನಷ್ಟು ಮುಚ್ಚಿದೆ. ಇಂಥ ಪೆದ್ದು ತಾಯಿ ಇನ್ನೊಬ್ಬಳು ಇದ್ದಾಳೋ ಇಲ್ಲವೋ.

ಒಂದು ಭಾನುವಾರ ಮಧ್ಯಾಹ್ನ ಮನೆಗೆ ನೆಂಟರು ಬಂದಿದ್ದರು. ನಮ್ಮ ಕಡೆ ನೆಂಟರೆಂದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಆಗಲೇಬೇಕು. ಬಾಣಲೆ ತುಂಬ ಎಣ್ಣೆ ಕಾಯಿಸಿ ಮಿರ್ಚಿ ಬಿಡುತ್ತಿದ್ದೆ. ಒಂದು ಮೆಣಸಿನಕಾಯಿ ಸಿಡಿದು ಎಣ್ಣೆಯಲ್ಲಿ ಸೀದುಹೋಯಿತು. ಅದೇ ಹೊತ್ತಿಗೆ ಕರೆಂಟ್ ಹೋಗಿ ಫ್ಯಾನುಗಳೆಲ್ಲ ನಿಂತವು. ಘಾಟು ಎಂದರೆ ಘಾಟು! ದೊಡ್ಡವರೆಲ್ಲ ಕೆಮ್ಮುತ್ತಾ, ನಗುತ್ತಾ ಹೊರಗೆ ಓಡಿದರು. ಎಲ್ಲರೂ ಬಂದರು, ಮಗಳು ಬರಲಿಲ್ಲ. ಒಳಗೆ ಹೋಗಿ ನೋಡಿದರೆ ಕೋಣೆಯ ನೆಲದ ಮೇಲೆ ಎರಡೂ ಕೈ ಊರಿ ಕುಳಿತಿದ್ದಳು. ಬಾಯಿ ತೆರೆದಿದೆ, ಉಸಿರು ಎಳೆಯುತ್ತಿದ್ದಾಳೆ, ಆದರೆ ಒಳಗೆ ಹೋಗುತ್ತಿಲ್ಲ. ತುಟಿ ನೀಲಿಯಾಗಿತ್ತು. ಯಾರೋ ಆಟೋ ನಿಲ್ಲಿಸಿದರು, ಯಾರೋ ನನ್ನನ್ನು ಒಳಗೆ ತಳ್ಳಿದರು. ಆಸ್ಪತ್ರೆ ಮುಟ್ಟುವವರೆಗೆ ಅವಳ ಬೆನ್ನು ಉಜ್ಜುತ್ತಾ ಯಾವ ಯಾವ ದೇವರಿಗೆ ಏನೇನು ಹರಕೆ ಹೊತ್ತೆನೋ…

ಆಕ್ಸಿಜನ್ ಹಚ್ಚಿದ ಮೇಲೆ ಮುಖಕ್ಕೆ ಬಣ್ಣ ಬಂತು. ಅಲ್ಲಿದ್ದ ಲೇಡಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ವಿಚಾರಿಸಿದರು. ಮನೆಯಲ್ಲಿ ಹೊಸ ಬಣ್ಣವೇ? ಹೌದು. ಹೊಸ ಪ್ಲೈವುಡ್? ಹೌದು. ಸೊಳ್ಳೆ ಕಾಯಿಲ್? ಹೌದು. ಕಿಟಕಿ ದಿನಾ ಎಷ್ಟು ಹೊತ್ತು ತೆರೆದಿಡುತ್ತೀರಿ? “ಒಂದ್ ನಿಮಿಷನೂ ತೆಗಿಯಂಗಿಲ್ರಿ ಮೇಡಂ,” ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಬೈಯಲಿಲ್ಲ. ಹೊರಗಿನ ಧೂಳಿನಷ್ಟೇ ಒಳಗೆ ತುಂಬಿಕೊಂಡಿರುವ ಗಾಳಿಯೂ ಕೆಟ್ಟದ್ದು, ಅದು ಹೊರಗೆ ಹೋಗಲು ದಾರಿ ಮಾಡಿ ಎಂದಷ್ಟೇ ಹೇಳಿದರು. ತಾತ ಹೇಳಿದ್ದೂ ಅದನ್ನೇ ಅಲ್ಲವೇ?

ಮಾರನೆಯ ದಿನ ಬೆಳಿಗ್ಗೆ ಮಗಳನ್ನು ಮನೆಯವರ ಹತ್ತಿರ ಬಿಟ್ಟು ಆಸ್ಪತ್ರೆಯಿಂದ ಸೀದಾ ತಾತನ ಮನೆಗೆ ಹೋದೆ. ದಾರಿಯುದ್ದಕ್ಕೂ ತಪ್ಪು ಕೇಳಬೇಕು ಎಂದು ಮಾತು ಜೋಡಿಸಿಕೊಂಡಿದ್ದೆ. ಅವರು ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕುಳಿತಿದ್ದರು. ನನ್ನನ್ನು ನೋಡಿದ್ದೇ ಎದ್ದು ನಿಂತರು. “ಪುಟ್ಟಿ ಹೆಂಗದಾಳ್ರಿ ಈಗ? ನಮ್ಮ ಓಣಿ ಆಟೋದವ ಹೇಳಿದ,” ಎಂದರು. ಜೋಡಿಸಿಕೊಂಡ ಮಾತೆಲ್ಲ ಮರೆತು ಅತ್ತುಬಿಟ್ಟೆ. ತಾತ ಒಳಗೆ ಹೋಗಿ ಸುತ್ತಿಗೆ, ಉಳಿ ಇದ್ದ ಚೀಲ ಹೆಗಲಿಗೇರಿಸಿಕೊಂಡು ಬಂದರು. “ನಡೀರಿ, ಆಕಿ ಮನಿಗೆ ಬರೂದ್ರಾಗ ಮುಗಸೂಣು.”

ಗೋಡೆ ಒಡೆಯಲು ಅರ್ಧ ದಿನವಾದರೂ ಬೇಕಾದೀತು ಎಂದು ನಾನು ಸಾಮಾನುಗಳಿಗೆಲ್ಲ ಬಟ್ಟೆ ಹೊದಿಸುತ್ತಿದ್ದೆ. ತಾತ ಮಗಳ ಕೋಣೆಯಲ್ಲಿ ಸ್ಟೂಲು ಹತ್ತಿ, ಗೋಡೆಯನ್ನು ಬೆರಳ ಗೆಣ್ಣಿನಿಂದ ಎರಡು ಕಡೆ ಕುಟ್ಟಿ ನೋಡಿ, ಉಳಿ ಇಟ್ಟು ನಾಲ್ಕು ಏಟು ಹಾಕಿದರು. ಮೇಲಿನ ತೆಳ್ಳನೆಯ ಸಿಮೆಂಟಿನ ಪದರ ಹಪ್ಪಳದಂತೆ ಒಡೆಯಿತು. ಹಿಂದಿನಿಂದ ಕೆಮ್ಮಣ್ಣು, ಇಟ್ಟಿಗೆ ಚೂರು, ಸುಣ್ಣ ಸುರ್ರೆಂದು ಸುರಿಯಿತು. ಹತ್ತು ನಿಮಿಷದಲ್ಲಿ ಆ ತೂತಿನೊಳಗಿಂದ ಹಿತ್ತಲಿನ ಬೇವಿನ ಮರ ಕಾಣಿಸಿತು.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. “ಸಿಮೆಂಟ್ ಹಾಕ್ರಿ ಅಂದಿದ್ನಲ್ರೀ ತಾತ?”

“ಅಂದಿದ್ರಿ. ಸಿಮೆಂಟ್ ಹಾಕಿದ್ರ ಇವತ್ತು ಗ್ವಾಡಿನ ಒಡೀಬೇಕಾಗ್ತಿತ್ತು. ಒಂದಿನ ನೀವ ಬಂದು ತಗೀರಿ ಅಂತೀರಿ ಅಂತ ಗೊತ್ತಿತ್ತು. ಅದಕ್ಕ ಮಣ್ಣು ಮೆತ್ತಿದ್ದೆ.” ಅಷ್ಟು ಹೇಳಿ, ಗಂಟಲು ಕೆರೆದುಕೊಂಡು, “ಆದ್ರ ಇಷ್ಟ್ ಜಲ್ದಿ ಬರ್ತೀರಿ ಅಂತ ತಿಳಿದಿದ್ದಿಲ್ಲ,” ಎಂದು ಕಣ್ಣು ಮಿಟುಕಿಸಿದರು. ಅಳುತ್ತಲೇ ನಕ್ಕುಬಿಟ್ಟೆ. ನಾನು ಅಷ್ಟು ಜನರ ಮುಂದೆ ಅವಮಾನ ಮಾಡಿದ ಆ ಸಂಜೆಯೇ, ಆ ನೋವಿನಲ್ಲೇ, ನನ್ನ ಮಗಳಿಗಾಗಿ ಈ ಮುದುಕ ಮಣ್ಣು ಕಲಸಿದ್ದರು.

ಅಡುಗೆಮನೆಯದೂ ತೆರೆಯಿತು. ನಮ್ಮ ಕೋಣೆಯದಕ್ಕೆ ಮಾತ್ರ ಮನೆಯವರು ಒಪ್ಪಲಿಲ್ಲ. ಆ ಗೋಡೆಗೆ ಛಾವಣಿಯವರೆಗೆ ಹೊಸ ಬೀರು ಮಾಡಿಸಿದ್ದರು, ಅದನ್ನು ಬಿಚ್ಚುವುದು ಯಾರು? “ಇರ್ಲಿ ಬಿಡ್ರಿ. ಮಣ್ಣ ಐತಲ್ಲ, ಯಾವಾಗ ಬೇಕಾದ್ರೂ ಬರತೈತಿ,” ಎಂದರು ತಾತ. ಮುಂದಿನ ಒಂದು ವಾರ ಮಗಳ ಕೋಣೆಯ ಬಣ್ಣವನ್ನೆಲ್ಲ ಹೆರೆದು, ತಾವೇ ನೆನೆಹಾಕಿದ ಸುಣ್ಣ ಬಳಿದರು. ಪ್ಲೈವುಡ್ ಬೀರುವನ್ನು ವರಾಂಡಕ್ಕೆ ಹೊರಿಸಿದರು. ರಸ್ತೆ ಕಡೆಯ ಕಿಟಕಿ ಮುಚ್ಚಿಯೇ ಇರಲಿ, ಹಿತ್ತಲಿನದು ತೆರೆದಿರಲಿ, ಲಾರಿ ಹೆಚ್ಚಿರುವ ಹೊತ್ತಿನಲ್ಲಿ ಅದಕ್ಕೊಂದು ಒದ್ದೆ ಗೋಣಿತಾಟು ಇಳಿಬಿಡಿ ಎಂದು ಹೇಳಿಕೊಟ್ಟರು. ಮಗಳು ಮನೆಗೆ ಬಂದ ದಿನ ಊದಿನಕಡ್ಡಿ ಹಚ್ಚಿ ಅವಳ ಕೈಗೇ ಕೊಟ್ಟರು. ಹೊಗೆ ಒಂದು ಗಳಿಗೆ ಯೋಚನೆ ಮಾಡಿ, ಬಾಗಿ, ಮೇಲಕ್ಕೆ ನಡೆದು ಕಿಂಡಿಯಿಂದ ಹೊರಗೆ ಹೋಯಿತು. ಮಗಳು ಕೇಕೆ ಹಾಕಿದಳು. “ಈಗ ಎಷ್ಟ್ ಬೇಕಾದ್ರೂ ಮಿರ್ಚಿ ಕರೀರಿ ತಾಯಿ, ಮೊದ್ಲ ನನಗೆರಡು ಕೊಡ್ರಿ,” ಎಂದರು ತಾತ. ಅವತ್ತು ನಾನು ಅವರಿಗೆ ಬಡಿಸಿದ್ದು ಎರಡಲ್ಲ, ಹತ್ತು.

ಅವಳ ದಮ್ಮು ಪೂರಾ ಹೋಯಿತು ಎಂದರೆ ಸುಳ್ಳಾಗುತ್ತದೆ. ದಮ್ಮಿನ ಔಷಧಿಯ ಪಂಪು ಅವಳ ಬ್ಯಾಗಿನಲ್ಲಿ ಇದ್ದೇ ಇರುತ್ತಿತ್ತು. ಆದರೆ ಮತ್ತೆ ಅವಳ ತುಟಿ ನೀಲಿಯಾದದ್ದನ್ನು ನಾನು ನೋಡಲಿಲ್ಲ.

ತಪ್ಪು ಕೇಳುವುದು ಮಾತ್ರ ಹಾಗೇ ಉಳಿಯಿತು. ಸಿಕ್ಕಾಗಲೆಲ್ಲ ಕೇಳಬೇಕು ಅಂದುಕೊಳ್ಳುತ್ತಿದ್ದೆ, ಅವರು ಏನೋ ಒಂದು ಚೇಷ್ಟೆಯ ಮಾತು ಆಡಿಬಿಡುತ್ತಿದ್ದರು. ನಾಲ್ಕೈದು ವರ್ಷದ ನಂತರ ಅವರು ಕೆಲಸ ಬಿಟ್ಟು ಎಮ್ಮಿಗನೂರಿಗೆ, ಮಗಳ ಮನೆಗೆ ಹೋದರು. ಕಂಪ್ಲಿಯಲ್ಲಿ ಒಂದು ಮದುವೆಗೆ ಹೋದವಳು ಹಾಗೇ ನೋಡಿಕೊಂಡು ಬರೋಣವೆಂದು ಹೋದೆ. ಗದ್ದೆಯ ಕಡೆಗೆ ಮುಖ ಮಾಡಿದ ಜಗಲಿಯಲ್ಲಿ ಮಂಚ ಹಾಕಿಸಿಕೊಂಡು, ದಿಂಬಿಗೆ ಒರಗಿ ಕುಳಿತಿದ್ದರು. ಮಲಗಿದರೆ ಉಸಿರು ಸಾಲುತ್ತಿರಲಿಲ್ಲವಂತೆ. ಅಷ್ಟು ವರ್ಷ ಕುಡಿದ ಸುಣ್ಣ, ಸಿಮೆಂಟು, ಕಲ್ಲಿನ ಪುಡಿ ಎಲ್ಲ ಎದೆಯಲ್ಲಿ ಕುಳಿತಿದೆ ಎಂದು ಡಾಕ್ಟರು ಹೇಳಿದ್ದರಂತೆ. ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದರು.

ಧೂಳು ತಿಂದೇ ಬೆಳೆದವರು ನೀವು… ನನ್ನದೇ ಮಾತು ನನ್ನ ಕಿವಿಗೆ ಬಡಿಯಿತು. ಕಣ್ಣೆತ್ತಿ ನೋಡಲು ಆಗಲಿಲ್ಲ.

“ತಾತ, ನಾ ಅವತ್ತು ಒಂದ್ ಮಾತು…” ಎಂದು ಶುರುಮಾಡಿದೆ.

ಅವರು ಕೈ ಎತ್ತಿ ತಡೆದರು. “ಪುಟ್ಟಿ ಈಗ ಎಷ್ಟನೇ ಕ್ಲಾಸ್ರಿ?” ಎಂದರು. ಐದನೇ ಕ್ಲಾಸು, ಓಟದಲ್ಲಿ ಪ್ರೈಜು ತಂದಿದ್ದಾಳೆ ಎಂದೆ. ಅವರ ಮುಖ ಅರಳಿತು. ಸ್ವಲ್ಪ ಹೊತ್ತು ಉಸಿರು ಒಟ್ಟು ಮಾಡಿಕೊಂಡು, ಎದೆಯ ಮೇಲೆ ಬೆರಳ ಗೆಣ್ಣಿನಿಂದ ಕುಟ್ಟಿ, ಗೋಡೆ ಕುಟ್ಟುತ್ತಿದ್ದ ಹಾಗೇ, “ಇಲ್ಲಿ ಕಿಂಡಿ ತಗಿಯೋ ಗೌಂಡಿ ಸಿಗವಲ್ಲ ನೋಡ್ರಿ,” ಎಂದು ನಕ್ಕರು. ಅವರ ಮಗಳು ಚಹಾ ತಂದರು, ನೆರೆಯವರು ಯಾರೋ ಬಂದು ಕುಳಿತರು. ಅಂದು ನಾದಿನಿಯರ ಮುಂದೆ ಬೈಯಲು ಬಂದ ಬಾಯಿಗೆ, ಈ ಜನರ ಮುಂದೆ ತಪ್ಪಾಯಿತು ಎನ್ನಲು ಬರಲಿಲ್ಲ. ಮತ್ತೆ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿಯನ್ನೂ ತಿಂಗಳ ಮೇಲೆ ಅದೇ ಆಟೋದವರಿಂದ ಕೇಳಿದೆ.

ಈಗ ಆ ಮಗಳು ಚೊಚ್ಚಲ ಬಸುರಿ, ಬಾಣಂತನಕ್ಕೆ ಮನೆಗೆ ಬಂದಿದ್ದಾಳೆ. ಬಾಣಂತಿ ಕೋಣೆ ಎಂದರೆ ನಮ್ಮಲ್ಲಿ ಗೊತ್ತೇ ಇದೆಯಲ್ಲ. ಗಾಳಿ ಸೋಕಬಾರದು ಎಂದು ಕಿಟಕಿ ಬಾಗಿಲಿಗೆಲ್ಲ ಕಂಬಳಿ, ಒಳಗೆ ಕೆಂಡ, ಲೋಬಾನದ ಹೊಗೆ. ಹಿರಿಯರು ಹಾಗೇ ಆಗಬೇಕು ಎಂದರು. ದಮ್ಮು ಇರುವವಳಿಗೆ ಕೆಂಡದ ಹೊಗೆ ಬೇಡ ಎಂದು ನಾನು ಜಗಳವಾಡಿ ಗೆದ್ದೆ. ಗೆದ್ದು ಮಾಡಿದ್ದೇನು? ದೊಡ್ಡ ಕೋಣೆಯಾದ ನಮ್ಮ ಕೋಣೆಯಿಂದ ಹಳೆ ಬೀರು ತೆಗೆಸಿ, ಕಿಟಕಿಗಳನ್ನೆಲ್ಲ ಮುಚ್ಚಿ ಎ.ಸಿ. ಹಾಕಿಸಲು ಹೊರಟೆ. ಮತ್ತೆ ಮುಚ್ಚುವುದೇ! ಐವತ್ತು ದಾಟಿದರೂ ನನ್ನ ಬುದ್ಧಿ ಅಲ್ಲೇ ನಿಂತಿತ್ತು.

ಮೆಕ್ಯಾನಿಕ್ ಇನ್ನೂ ಏಣಿಯ ಮೇಲೆಯೇ ಇದ್ದ. ಸಿಮೆಂಟು ತಂದು ಮುಚ್ಚಿಬಿಡುತ್ತೇನೆ, ಪೈಪಿಗೆ ಬೇರೆ ಕಡೆ ಕೊರೆಯೋಣ ಎನ್ನುತ್ತಿದ್ದ.

“ಮುಚ್ಚಬ್ಯಾಡಪ್ಪಾ. ಪೂರಾ ತಗದುಬಿಡು. ಎ.ಸಿ. ಆಮ್ಯಾಲೆ ನೋಡೂಣು,” ಎಂದೆ. “ಮತ್ತ ಇನ್ನೊಂದ್ ಮಾತು. ಆ ಗೌಂಡಿ ನನಗ ಟೋಪಿ ಹಾಕಿಲ್ಲ.”

ಅವನು ವಿಚಿತ್ರವಾಗಿ ನೋಡಿ, ಉಳಿದ ಮಣ್ಣನ್ನೂ ಕೆದರಿ ತೆಗೆದ. ಅವನು ಸಾಮಾನು ಕಟ್ಟಿಕೊಂಡು ಹೋದ ಮೇಲೆ ದೇವರ ಗೂಡಿನಿಂದ ಒಂದು ಊದಿನಕಡ್ಡಿ ತಂದು, ಗೀರಿ, ಕೋಣೆಯ ನಡುವೆ ನಿಂತೆ. “ಅಮ್ಮಾ, ಮತ್ತ ಹೊಗಿ ಹಾಕಿದ್ಯಾ?” ಎಂದು ಹೊರಗಿನಿಂದ ಮಗಳು ಕೂಗಿದಳು. ಬಂದು ಬಾಗಿಲಲ್ಲಿ ನಿಂತಳು, ಹೊಟ್ಟೆಯ ಮೇಲೆ ಒಂದು ಕೈ. ನಾನು ಕಡ್ಡಿ ಎತ್ತಿ ಹಿಡಿದೆ. ಹೊಗೆ ಸ್ವಲ್ಪ ಹೊತ್ತು ನೆಟ್ಟಗೆ ನಿಂತಿತು… ಆಮೇಲೆ ಬಾಗಿತು, ನಡೆಯಿತು, ಗೋಡೆ ಹತ್ತಿ ಹೊರಟುಹೋಯಿತು. ಅವಳಿಗೆ ನೆನಪಾಯಿತೇನೋ. “ತಾತನ ಕಿಂಡಿ,” ಎಂದಳು ಮೆಲ್ಲಗೆ.

ಹೌದು ಎಂದು ತಲೆಯಾಡಿಸಿ, ಮೇಲೆ ನೋಡಿಕೊಂಡು, “ತಪ್ಪಾತ್ರಿ ತಾತ,” ಎಂದೆ. ಇಪ್ಪತ್ತು ವರ್ಷ ತಡವಾಗಿ, ಗೋಡೆಯ ಒಂದು ತೂತಿಗೆ.